ಒಂಬತ್ತು ಮೆಟ್ಟಿಲಿನ ಏಣಿ: ಬದುಕಿನ ತೃಪ್ತಿ ಎಲ್ಲಿಂದ ಬರುತ್ತದೆ?

ಹೈದರಾಬಾದಿನ ಬೇಗಂಪೇಟೆಯಲ್ಲಿ ಹಳೆಯ ನಿಜಾಮಿಯಾ ವೀಕ್ಷಣಾಲಯದ ಆವರಣವಿದೆ. ಇಡೀ ಆಕಾಶದ ನಕ್ಷೆ ಬರೆಯಲು ಹಲವು ದೇಶಗಳು ಕೂಡಿ ಕೈಗೊಂಡ ಯೋಜನೆಯಲ್ಲಿ ಈ ವೀಕ್ಷಣಾಲಯವೂ ಒಂದು ಪಾಲು ಹೊತ್ತಿತ್ತು. ಲಕ್ಷಾಂತರ ನಕ್ಷತ್ರಗಳ ಸ್ಥಾನವನ್ನು ಅಳೆದು ಪಟ್ಟಿ ಮಾಡಿತ್ತು. ಅದೇ ಆವರಣದಲ್ಲಿ ಈಗ ಆರ್ಥಿಕ ಮತ್ತು ಸಾಮಾಜಿಕ ಅಧ್ಯಯನ ಕೇಂದ್ರವಿದೆ. 1980ರಲ್ಲಿ ಸ್ಥಾಪನೆಯಾದ ಈ ಕೇಂದ್ರ ಎಲ್ಲರ ಬಾಯಲ್ಲಿ ‘ಸೆಸ್’. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ‘ಯಂಗ್ ಲೈವ್ಸ್’ ಅಧ್ಯಯನಕ್ಕೆ ಭಾರತದಲ್ಲಿ ಸೆಸ್ ಪಾಲುದಾರ ಸಂಸ್ಥೆ. 2002ರಲ್ಲಿ ಶುರುವಾದ ಈ ಅಧ್ಯಯನ ಇಥಿಯೋಪಿಯಾ, ಪೆರು, ವಿಯೆಟ್ನಾಂ ಮತ್ತು ಭಾರತದ ಸುಮಾರು 12,000 ಮಕ್ಕಳ ಬದುಕನ್ನು ಎರಡು ದಶಕಗಳಿಂದ ಬೆನ್ನುಹತ್ತಿ ದಾಖಲಿಸುತ್ತಿದೆ. ಭಾರತದ ಪಾಲಿನ ಸುಮಾರು 3,000 ಮಕ್ಕಳು ಅಂದಿನ ಅವಿಭಜಿತ ಆಂಧ್ರಪ್ರದೇಶದವರು. ಹೈದರಾಬಾದ್ ನಗರದ ಓಣಿಗಳವರು ಅವರಲ್ಲಿದ್ದಾರೆ, ಮಹಬೂಬ್‌ನಗರ, ಅನಂತಪುರ, ಶ್ರೀಕಾಕುಳಂ ಕಡೆಯ ಹಳ್ಳಿಗಳವರೂ ಇದ್ದಾರೆ.

ಮನೆಗೆ ಹೋದ ಸಮೀಕ್ಷಕರು ಮಗುವಿನ ಎತ್ತರ, ತೂಕ, ಶಾಲೆ, ಮನೆಯ ಜಮೀನು, ಸಾಲಸೋಲ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಇರುತ್ತದೆ. ಒಂಬತ್ತು ಮೆಟ್ಟಿಲಿನ ಒಂದು ಏಣಿಯನ್ನು ಊಹಿಸಿಕೊಳ್ಳಬೇಕು. ತುತ್ತತುದಿಯ ಮೆಟ್ಟಿಲು ನಿನಗೆ ಸಿಗಬಹುದಾದ ಅತ್ಯುತ್ತಮ ಬದುಕು, ತೀರಾ ಕೆಳಗಿನದು ಅತಿ ಕೆಟ್ಟ ಬದುಕು. ಈಗ ನೀನು ಯಾವ ಮೆಟ್ಟಿಲ ಮೇಲಿದ್ದೀಯ? ಇನ್ನು ನಾಲ್ಕು ವರ್ಷಕ್ಕೆ ಎಲ್ಲಿರುತ್ತೀಯ? ತೆಲುಗಿನಲ್ಲಿ ಏಣಿಗೆ ನಿಚ್ಚೆನ ಎನ್ನುತ್ತಾರೆ, ನಮ್ಮ ನಿಚ್ಚಣಿಕೆಯ ಒಡಹುಟ್ಟು. ಮಗು ಸ್ವಲ್ಪ ಯೋಚಿಸಿ ಐದು ಎನ್ನುತ್ತದೆ, ಇಲ್ಲವೇ ನಾಲ್ಕು ಎನ್ನುತ್ತದೆ. ಆ ಅಂಕ ದತ್ತಾಂಶದ ಕೋಷ್ಟಕದಲ್ಲಿ ಒಂದು ಮನೆಯನ್ನು ತುಂಬುತ್ತದೆ.

ಆ ಐದರೊಳಗೆ ಏನೇನು ಅಡಗಿದೆ ಎಂಬುದೇ ಈ ಲೇಖನದ ಪ್ರಶ್ನೆ. ಬೇಗಂಪೇಟೆಯನ್ನೇ ನೋಡಿ. ಹಳೆಯ ವಿಮಾನ ನಿಲ್ದಾಣದ ಗೋಡೆಯ ಬದಿಯಲ್ಲಿ ರಸೂಲ್‌ಪುರದ ಇಕ್ಕಟ್ಟಿನ ಓಣಿಗಳಿವೆ. ಅಲ್ಲಿಂದ ಆಟೋದಲ್ಲಿ ಕೆಲವೇ ನಿಮಿಷ ಹೋದರೆ, ಜಾಗೀರದಾರರ ಮಕ್ಕಳಿಗೆಂದು 1923ರಲ್ಲಿ ತೆರೆದು ಮುಂದೆ ಹೈದರಾಬಾದ್ ಪಬ್ಲಿಕ್ ಸ್ಕೂಲ್ ಎನಿಸಿಕೊಂಡ ಶಾಲೆಯ ವಿಶಾಲ ಬಯಲು ಸಿಗುತ್ತದೆ. ಈ ಎರಡು ಜಾಗಗಳ ಮಕ್ಕಳೂ ‘ಐದು’ ಎನ್ನಬಹುದು. ಹಾಗೆಂದರೆ ಇಬ್ಬರ ಬದುಕೂ ಸರಿಸಮಾನವೇ? ಯಾರೂ ಹೌದು ಎನ್ನಲಾರರು. ಆದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದರು ಎನ್ನಲೂ ಬಾರದು. ನನ್ನ ಮಟ್ಟಿಗೆ ಏಣಿಯ ಉತ್ತರದಲ್ಲಿ ಎರಡು ಸಂಗತಿಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಒಂದು, ಆ ಮನುಷ್ಯನಿಗೆ ಏನು ದಕ್ಕಿದೆ ಎಂಬುದು. ಇನ್ನೊಂದು, ಏನು ದಕ್ಕಬಹುದು ಎಂದು ಊಹಿಸಲು ಅವನಿಗೆ ಎಷ್ಟು ಅವಕಾಶ ಸಿಕ್ಕಿದೆ ಎಂಬುದು. ಸುಖದ ಬಗ್ಗೆ ನಡೆದಿರುವ ವಾದಗಳಲ್ಲಿ ಬಹುಪಾಲು ಈ ಎರಡರ ನಡುವಿನ ಜಗ್ಗಾಟವೇ. ಎರಡನೆಯದನ್ನು ಮನಸ್ಸಿನ ಗುಣ, ಸ್ವಭಾವ ಎಂದು ಬದಿಗೆ ತಳ್ಳುವವರಿದ್ದಾರೆ. ಅದೂ ಸಮಾಜ ಹಂಚಿಕೊಟ್ಟ ಸೊತ್ತೇ, ಅಸಮವಾಗಿ ಹಂಚಿದ ಸೊತ್ತು ಎಂಬುದು ನನ್ನ ವಾದ.

ಹಳೆಯ ಪ್ರಶ್ನೆ, ಹೊಸ ಅಳತೆ

ಆನಂದವನ್ನು ಮೆಟ್ಟಿಲುಗಳಲ್ಲಿ ಲೆಕ್ಕ ಹಾಕುವುದು 20ನೇ ಶತಮಾನದ ಅಮೆರಿಕದ ಆವಿಷ್ಕಾರವಲ್ಲ. ತೈತ್ತಿರೀಯ ಉಪನಿಷತ್ತಿನ ಆನಂದವಲ್ಲಿಯಲ್ಲಿ ಇಂಥದ್ದೇ ಒಂದು ಲೆಕ್ಕವಿದೆ. ಸಜ್ಜನನಾದ, ಓದಿಕೊಂಡ, ಗಟ್ಟಿಮುಟ್ಟಾದ ಯುವಕನೊಬ್ಬನಿಗೆ ಸಂಪತ್ತು ತುಂಬಿದ ಇಡೀ ಭೂಮಿಯೇ ಸಿಕ್ಕಿತು ಎಂದಿಟ್ಟುಕೊಳ್ಳಿ; ಅವನ ಆನಂದ ಮನುಷ್ಯಾನಂದದ ಒಂದು ಅಳತೆ. ಅಲ್ಲಿಂದ ಮೇಲಕ್ಕೆ ಗಂಧರ್ವರು, ಪಿತೃಗಳು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ, ಬ್ರಹ್ಮ ಎಂದು ಪ್ರತಿ ಹಂತದಲ್ಲೂ ಆನಂದ ನೂರು ಪಟ್ಟಾಗುತ್ತ ಹೋಗುತ್ತದೆ. ಮನುಷ್ಯನಿಂದ ಮೇಲಿನ ಪ್ರತಿ ಹಂತದಲ್ಲೂ ಉಪನಿಷತ್ತು ಒಂದು ಮಾತನ್ನು ಸೇರಿಸುತ್ತದೆ: ಇಷ್ಟೇ ಆನಂದ, ವೇದವನ್ನು ಬಲ್ಲ ಮತ್ತು ಆಸೆಯ ಪೆಟ್ಟು ತಿನ್ನದ ಮನುಷ್ಯನಿಗೂ ಉಂಟು. ಮೇಲೇರುವುದಕ್ಕೆ ಎರಡು ದಾರಿ ಇವೆ ಎಂದಾಯಿತು: ಇನ್ನಷ್ಟು ಪಡೆಯುವುದು, ಇಲ್ಲವೇ ಬಯಕೆಯನ್ನು ಕಳಚುವುದು. ಬಲ್ಲವನು ಎಂಬ ಷರತ್ತನ್ನು ಮಾತ್ರ ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಗ್ರೀಸಿನಲ್ಲಿ ಅರಿಸ್ಟಾಟಲ್ ಸುಖವನ್ನು ಒಂದು ಭಾವನೆಯಾಗಿ ನೋಡಲಿಲ್ಲ, ಸದ್ಗುಣದಿಂದ ನಡೆಸಿದ ಇಡೀ ಬಾಳಿನ ಲಕ್ಷಣವಾಗಿ ನೋಡಿದ. 1789ರಲ್ಲಿ ಜೆರೆಮಿ ಬೆಂಥಾಮ್ ಅದನ್ನು ತಿರುಗಿಸಿದ: ಸುಖದುಃಖಗಳನ್ನು ಕೂಡಿಸಿ ಕಳೆಯಬಹುದು, ಕಾನೂನು ಮಾಡುವವರು ಆ ಮೊತ್ತವನ್ನು ಹೆಚ್ಚಿಸಬೇಕು. ಅಲ್ಲಿಂದ ಇಲ್ಲಿಯವರೆಗೆ ಎರಡೂ ಧಾರೆಗಳು ಬತ್ತದೆ ಹರಿದಿವೆ. ಕನ್ನಡದಲ್ಲಿ ಈ ತೊಡಕು ಪದಗಳಲ್ಲೇ ಕಾಣುತ್ತದೆ. ಸುಖ, ಸಂತೋಷ, ಹಿಗ್ಗು, ತೃಪ್ತಿ, ನೆಮ್ಮದಿ ಇವು ಒಂದಕ್ಕೊಂದು ಬದಲಿಯಾಗಿ ನಿಲ್ಲುವುದಿಲ್ಲ. ಮಗಳ ಮದುವೆಯ ದಿನ ಸಂತೋಷ ಉಕ್ಕುತ್ತದೆ, ನೆಮ್ಮದಿ ಎಲ್ಲಿರುತ್ತದೆ? ಸಾಲ ತೀರಿದ ಮರುದಿನ ನೆಮ್ಮದಿ ಇರುತ್ತದೆ, ಹಿಗ್ಗು ಇರಲೇಬೇಕೆಂದಿಲ್ಲ. ಅದೇ ‘ನೆಮ್ಮದಿ’ ತೆಲುಗಿಗೆ ಹೋದಾಗ ನಿಧಾನ, ಸಾವಕಾಶ ಎಂಬ ಅರ್ಥದ ಕಡೆ ವಾಲುತ್ತದೆ. ಬೇಗಂಪೇಟೆಯ ದಖನಿ ಮಾತಿನಲ್ಲಿ ‘ಸುಕೂನ್’ ಎಂದರೆ ನಮ್ಮ ನೆಮ್ಮದಿಗೆ ಹತ್ತಿರ ಬರುತ್ತದೆ. ಸಮೀಕ್ಷೆಯ ಪ್ರಶ್ನೆ ಯಾವ ಭಾಷೆಯಲ್ಲಿ ಯಾವ ಪದ ಹಿಡಿದು ಬಂತು ಎಂಬುದು ಸಣ್ಣ ವಿಷಯವಲ್ಲ.

ಏಣಿ ಈ ತೊಡಕಿನಿಂದ ಪಾರಾಗಲು ಕಂಡುಕೊಂಡ ಉಪಾಯ. ಅಮೆರಿಕದ ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಖ ಎಂಬ ಪದವನ್ನೇ ಬಳಸದೆ, ಸೊನ್ನೆಯಿಂದ ಹತ್ತರವರೆಗಿನ ಏಣಿಯನ್ನು ಜನರ ಮುಂದಿಟ್ಟರು. ತುದಿ ಯಾವುದು, ತಳ ಯಾವುದು ಎಂದು ನಿರ್ಧರಿಸುವ ಹಕ್ಕು ಉತ್ತರಿಸುವವರದೇ. ಭಾರತವೂ ಆ ಅಧ್ಯಯನದಲ್ಲಿತ್ತು. ಅಮೆರಿಕನ್ನರ ಸರಾಸರಿ 6.6 ಬಂದರೆ ಭಾರತೀಯರದು 3.7. ಇಂದಿನ ವಿಶ್ವ ಸಂತೋಷ ವರದಿಗೆ ಆಧಾರವೂ ಇದೇ ಏಣಿ. ಯಂಗ್ ಲೈವ್ಸ್‌ನ ಒಂಬತ್ತು ಮೆಟ್ಟಿಲಿನ ಏಣಿ ಅದೇ ಬಳಗದ್ದು.

ಹಣದ ಲೆಕ್ಕ

1974ರಲ್ಲಿ ರಿಚರ್ಡ್ ಈಸ್ಟರ್ಲಿನ್ ಒಂದು ಒಗಟನ್ನು ಮುಂದಿಟ್ಟರು. ಯಾವುದೇ ದೇಶದೊಳಗೆ ನೋಡಿದರೆ ಉಳ್ಳವರು ಇಲ್ಲದವರಿಗಿಂತ ಹೆಚ್ಚು ಸಂತೃಪ್ತರು. ಆದರೆ ದೇಶಕ್ಕೆ ದೇಶವೇ ಕಾಲಕ್ರಮದಲ್ಲಿ ಸಿರಿವಂತವಾದಾಗ ಸರಾಸರಿ ಸಂತೃಪ್ತಿ ಅದಕ್ಕೆ ತಕ್ಕಂತೆ ಏರಲಿಲ್ಲ. ಅಮೆರಿಕದ ಯುದ್ಧಾನಂತರದ ದಶಕಗಳು ಅವರ ಮುಖ್ಯ ಸಾಕ್ಷ್ಯ. 2008ರಲ್ಲಿ ಬೆಟ್ಸಿ ಸ್ಟೀವನ್ಸನ್ ಮತ್ತು ಜಸ್ಟಿನ್ ವುಲ್ಫರ್ಸ್ ಹೆಚ್ಚು ದೇಶಗಳ ಅಂಕಿಅಂಶ ಒಟ್ಟುಮಾಡಿ ಇದನ್ನು ಪ್ರಶ್ನಿಸಿದರು. ಅವರ ಪ್ರಕಾರ ಆದಾಯ ಮತ್ತು ತೃಪ್ತಿ ಜೊತೆಯಾಗಿಯೇ ಏರುತ್ತವೆ, ಆದರೆ ರೂಪಾಯಿಯ ಲೆಕ್ಕದಲ್ಲಿ ಏರುವುದಿಲ್ಲ, ಪಟ್ಟಿನ ಲೆಕ್ಕದಲ್ಲಿ ಏರುತ್ತವೆ. ತಿಂಗಳಿಗೆ 10,000 ಇದ್ದದ್ದು 20,000 ಆದಾಗ ಎಷ್ಟು ಮೇಲೇರುತ್ತೇವೋ, ಅಷ್ಟೇ ಏರಲು ಲಕ್ಷ ಸಂಪಾದಿಸುವವನಿಗೆ ಎರಡು ಲಕ್ಷ ಬೇಕು. ಈ ಸರಳ ಗಣಿತದಲ್ಲಿ ಒಂದು ದೊಡ್ಡ ನೀತಿಯ ಮಾತು ಅಡಗಿದೆ: ಅದೇ ಹತ್ತು ಸಾವಿರ ರೂಪಾಯಿ ಬಡವರ ಮನೆಯಲ್ಲಿ ಮಾಡುವ ಕೆಲಸವನ್ನು ಸಿರಿವಂತರ ಮನೆಯಲ್ಲಿ ಮಾಡಲಾರದು.

ದಿನನಿತ್ಯದ ಮನಃಸ್ಥಿತಿಯ ಮಾತು ಬೇರೆ. ಡೇನಿಯಲ್ ಕಾನಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಅಮೆರಿಕದ ದೊಡ್ಡ ಸಮೀಕ್ಷೆಯೊಂದನ್ನು ಜಾಲಾಡಿ, ನಿನ್ನೆ ನಕ್ಕಿರಾ, ಚಿಂತಿಸಿದಿರಾ ಎಂಬಂಥ ಪ್ರಶ್ನೆಗಳ ಉತ್ತರ ವರ್ಷಕ್ಕೆ 75,000 ಡಾಲರ್ ಆಸುಪಾಸಿನಲ್ಲಿ ಸುಧಾರಿಸುವುದನ್ನು ನಿಲ್ಲಿಸುತ್ತದೆ, ಏಣಿಯ ಅಂಕ ಮಾತ್ರ ಏರುತ್ತಲೇ ಹೋಗುತ್ತದೆ ಎಂದರು. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ 2021ರಲ್ಲಿ ಹಾಗೆ ನಿಲ್ಲುವುದಿಲ್ಲ ಎಂದು ತೋರಿಸಿದರು. ಜಗಳವಾಡುವ ಬದಲು ಕಾನಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಬಾರ್ಬರಾ ಮೆಲ್ಲರ್ಸ್ ಅವರನ್ನು ಜೊತೆಗೆ ಕರೆದುಕೊಂಡು ಒಟ್ಟಿಗೆ ಕೂತು ಲೆಕ್ಕ ನೋಡಿದರು. 2023ರ ಅವರ ಜಂಟಿ ಲೇಖನದ ಪ್ರಕಾರ, ನಿಂತುಹೋಗುವುದು ಅತಿ ಕಡಿಮೆ ಸಂತೋಷದ ಐದನೇ ಒಂದು ಭಾಗದ ಜನರಲ್ಲಿ ಮಾತ್ರ. ಅಂಥವರ ನೋವು ಒಂದು ಮಟ್ಟದಾಚೆ ಹಣಕ್ಕೆ ಬಗ್ಗುವುದಿಲ್ಲ. ವಿದ್ವಾಂಸರು ತಮ್ಮ ತಪ್ಪನ್ನು ಹೀಗೆ ಬಹಿರಂಗವಾಗಿ ತಿದ್ದಿಕೊಂಡದ್ದು ಗೌರವ ಹುಟ್ಟಿಸುತ್ತದೆ.

ಹಣ ಸುಖ ತರುವುದಿಲ್ಲ ಎಂಬ ನಮ್ಮ ಕಡೆಯ ರೂಢಿಮಾತಿಗೆ ಇಷ್ಟೆಲ್ಲ ಸಾಕ್ಷ್ಯದಲ್ಲಿ ಬೆಂಬಲ ಕಡಿಮೆ. ಆದರೆ ಆದಾಯ ಗೊತ್ತಾದರೆ ತೃಪ್ತಿ ಗೊತ್ತಾಯಿತು ಎನ್ನಲೂ ಆಗುವುದಿಲ್ಲ. ಒಂದೇ ಆದಾಯದ ಜನ ಏಣಿಯ ಬೇರೆಬೇರೆ ಮೆಟ್ಟಿಲುಗಳಲ್ಲಿ ಹರಡಿಕೊಂಡಿರುತ್ತಾರೆ. ಹಾಗೇಕೆ ಎನ್ನುವುದನ್ನು ಮುಂದಿನ ಪಂಥಗಳು ವಿವರಿಸಲು ನೋಡುತ್ತವೆ.

ಪಕ್ಕದ ಮನೆಯ ಅಳತೆಗೋಲು

ಈಸ್ಟರ್ಲಿನ್ ತಮ್ಮ ಒಗಟಿಗೆ ಕೊಟ್ಟ ಮುಖ್ಯ ಉತ್ತರ ಹೋಲಿಕೆ. ಎಲ್ಲರ ಆದಾಯವೂ ಏರಿದಾಗ ನನ್ನ ಸ್ಥಾನ ಇದ್ದಲ್ಲೇ ಉಳಿಯುತ್ತದೆ. ಕೀನ್ಯಾದ ಹಳ್ಳಿಗಳಲ್ಲಿ ಬಡ ಕುಟುಂಬಗಳಿಗೆ ನೇರವಾಗಿ ನಗದು ಕೊಟ್ಟ ಯೋಜನೆಯನ್ನು ಯೋಹಾನ್ನೆಸ್ ಹೌಸ್‌ಹೋಫರ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಹಣ ಸಿಗದ ನೆರೆಹೊರೆಯವರ ಜೀವನತೃಪ್ತಿ ಇಳಿದದ್ದು ಕಂಡಿತು. ಅವರಿಂದ ಯಾರೂ ಏನನ್ನೂ ಕಿತ್ತುಕೊಂಡಿರಲಿಲ್ಲ, ಅಳತೆಗೋಲು ಮಾತ್ರ ಬದಲಾಗಿತ್ತು.

ಭಾರತದಲ್ಲಿ ಹೋಲಿಕೆ ಬರೀ ಪಕ್ಕದ ಮನೆಗೆ ನಿಲ್ಲುವುದಿಲ್ಲ, ಜಾತಿಯ ಹಾದಿ ಹಿಡಿಯುತ್ತದೆ. ಫಾಂಟೇನ್ ಮತ್ತು ಯಮಾಡ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ವಂತ ಜಾತಿಯವರೊಂದಿಗಿನ ಹೋಲಿಕೆಗಿಂತ ಬೇರೆ ಜಾತಿಯವರೊಂದಿಗಿನ ಹೋಲಿಕೆ ತೃಪ್ತಿಯ ಮೇಲೆ ಮೂರು ಪಟ್ಟು ಪರಿಣಾಮ ಬೀರುತ್ತದೆ. ಇದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವವರಿದ್ದಾರೆ. ತಲೆಮಾರುಗಳಿಂದ ತನ್ನವರನ್ನು ಬಾವಿ, ಬೀದಿ, ಗುಡಿಗಳ ಹೊರಗಿಟ್ಟವರ ಮನೆ ತನ್ನ ಮನೆಗಿಂತ ಎತ್ತರಕ್ಕೆ ಏಳುವುದನ್ನು ಕಂಡವನ ಕಸಿವಿಸಿಗೆ ಹೊಟ್ಟೆಕಿಚ್ಚು ಎಂಬ ಹೆಸರು ಸಾಲುವುದಿಲ್ಲ. ಅದರಲ್ಲಿ ಅನ್ಯಾಯದ ಅರಿವೂ ಇದೆ.

ಪ್ರದೇಶಗಳ ನಡುವಿನ ಹೋಲಿಕೆಗೂ ಇದೇ ಮಾತು. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಕರ್ನಾಟಕಕ್ಕೆ ಸೇರಿದ ಮೇಲೆ ಅಲ್ಲಿನವರು ತಮ್ಮನ್ನು ಹೋಲಿಸಿಕೊಂಡದ್ದು ನಿಜಾಮರ ಕಾಲದ ತಮ್ಮದೇ ಹಳೆಯ ಸ್ಥಿತಿಯ ಜೊತೆಗಲ್ಲ, ಬೆಂಗಳೂರು, ಮೈಸೂರುಗಳ ಜೊತೆಗೆ. 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರ ಪೈಕಿ 21 ಅಂದಿನ ಗುಲಬರ್ಗಾ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಸಂವಿಧಾನಕ್ಕೆ ಸೇರುವುದಕ್ಕೆ ದಶಕಗಳ ಅತೃಪ್ತಿ ಬೇಕಾಯಿತು. ತೃಪ್ತಿಯ ಸರಾಸರಿಯನ್ನೇ ಗುರಿಯಾಗಿಟ್ಟುಕೊಂಡ ಆಡಳಿತಗಾರನಿಗೆ ಆ ಅತೃಪ್ತಿ ಒಂದು ಕೊರತೆಯಾಗಿ ಕಾಣುತ್ತಿತ್ತು. ಆ ಭಾಗದ ಮಕ್ಕಳಿಗೆ ಉದ್ಯೋಗ ಮತ್ತು ವೃತ್ತಿಶಿಕ್ಷಣದಲ್ಲಿ ಮೀಸಲಾತಿ ತಂದುಕೊಟ್ಟದ್ದು ಅದೇ.

ಒಗ್ಗಿಹೋಗುವುದು, ಒಗ್ಗದೆ ಉಳಿಯುವುದು

ಮೂರನೆಯ ಪಂಥದವರು ಹೇಳುವುದು, ಪರಿಸ್ಥಿತಿ ಹೇಗೇ ಬದಲಾದರೂ ಮನುಷ್ಯ ಒಗ್ಗಿಕೊಂಡು ತನ್ನ ಮೊದಲಿನ ಮಟ್ಟಕ್ಕೆ ಮರಳುತ್ತಾನೆ ಎಂದು. ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಲಾಟರಿ ಗೆದ್ದ 22 ಜನರನ್ನೂ ಅಪಘಾತದಲ್ಲಿ ಅಂಗಾಂಗ ಸ್ವಾಧೀನ ಕಳೆದುಕೊಂಡ 29 ಜನರನ್ನೂ ಮಾತಾಡಿಸಿದರು. ಲಾಟರಿ ಗೆದ್ದವರು ಉಳಿದವರಿಗಿಂತ ಹೆಚ್ಚು ಸುಖಿಗಳಾಗಿರಲಿಲ್ಲ. ಅಪಘಾತಕ್ಕೊಳಗಾದವರು ಎಲ್ಲರೂ ಊಹಿಸುವಷ್ಟು ದುಃಖಿಗಳಾಗಿರಲಿಲ್ಲ. ಆದರೂ ಇತರರಿಗಿಂತ ಸ್ಪಷ್ಟವಾಗಿ ಕೆಳಗಿದ್ದರು. ಈ ಕೊನೆಯ ಮಾತನ್ನು ಬಿಟ್ಟು ಉಳಿದದ್ದನ್ನಷ್ಟೇ ಭಾಷಣಗಳಲ್ಲಿ ಹೇಳುತ್ತಾ ಬಂದಿದ್ದೇವೆ. 1996ರಲ್ಲಿ ಡೇವಿಡ್ ಲಿಕೆನ್ ಮತ್ತು ಔಕೆ ಟೆಲ್ಲೆಗನ್ ಮಿನ್ನೆಸೋಟದ ಅವಳಿಜವಳಿಗಳನ್ನು ಅಧ್ಯಯನ ಮಾಡಿ, ಸಂತೋಷದ ಮಟ್ಟ ಬಹುಪಾಲು ಹುಟ್ಟಿನಿಂದ ಬಂದದ್ದು, ಹೆಚ್ಚು ಸುಖಿಯಾಗಲು ಹೆಣಗುವುದು ಹೆಚ್ಚು ಎತ್ತರವಾಗಲು ಹೆಣಗಿದಂತೆ ಎಂಬ ಅರ್ಥದ ಮಾತನ್ನಾಡಿದರು. ಲಿಕೆನ್ ಮುಂದೆ ತಾವೇ ಅದನ್ನು ಹಿಂತೆಗೆದುಕೊಂಡರು.

ಒಂದೇ ಜನರನ್ನು ವರ್ಷವರ್ಷವೂ ಕೇಳುವ ಜರ್ಮನಿಯ ದೀರ್ಘಾವಧಿ ಸಮೀಕ್ಷೆ ಈ ಚಿತ್ರವನ್ನು ತಿದ್ದಿತು. ಮದುವೆಯ ಸಂಭ್ರಮ ಸರಾಸರಿಯಲ್ಲಿ ಕೆಲವು ವರ್ಷಗಳಲ್ಲಿ ಇಳಿಯುತ್ತದೆ. ಸಂಗಾತಿಯ ಸಾವಿನ ನೋವು ಬಹಳ ನಿಧಾನಕ್ಕೆ ಮಾಯುತ್ತದೆ. ಕೆಲಸ ಕಳೆದುಕೊಂಡವರ ಗಾಯ ಮತ್ತೆ ಕೆಲಸ ಸಿಕ್ಕ ಮೇಲೂ ಪೂರ್ತಿ ಮಾಯುವುದಿಲ್ಲ. ಹಾಗಾಗಿ ಮನುಷ್ಯ ಒಗ್ಗಿಕೊಳ್ಳುತ್ತಾನೋ ಇಲ್ಲವೋ ಎಂಬುದಕ್ಕಿಂತ ಯಾವುದಕ್ಕೆ ಒಗ್ಗುತ್ತಾನೆ ಎಂಬುದು ಉಪಯುಕ್ತವಾದ ಪ್ರಶ್ನೆ. ದೊಡ್ಡ ಮನೆಗೆ, ಹೊಸ ಕಾರಿಗೆ ಬೇಗ ಒಗ್ಗುತ್ತೇವೆ. ಸದ್ದು, ದೀರ್ಘಕಾಲದ ನೋವು, ನಿರುದ್ಯೋಗ, ದಿನದಿನದ ಪ್ರಯಾಣ ಇವಕ್ಕೆ ಅಷ್ಟು ಸುಲಭದಲ್ಲಿ ಒಗ್ಗುವುದಿಲ್ಲ. ಕಾನಮನ್ ಮತ್ತು ಸಂಗಡಿಗರು 2004ರಲ್ಲಿ ಟೆಕ್ಸಾಸಿನ 909 ಉದ್ಯೋಗಸ್ಥ ಹೆಣ್ಣುಮಕ್ಕಳಿಂದ ಹಿಂದಿನ ದಿನದ ಗಂಟೆಗಂಟೆಯ ವಿವರ ಬರೆಸಿದಾಗ, ಅತಿ ಕಡಿಮೆ ಹಿತ ಕೊಟ್ಟ ಹೊತ್ತುಗಳಲ್ಲಿ ಬೆಳಗಿನ ಪ್ರಯಾಣ ಒಂದಾಗಿತ್ತು.

ಇದನ್ನು ಬೇಗಂಪೇಟೆಯ ನೆಲಕ್ಕೆ ಇಳಿಸಿ ನೋಡಬಹುದು. 2008ರ ಮಾರ್ಚಿನಲ್ಲಿ ಶಂಷಾಬಾದಿನ ನಿಲ್ದಾಣ ತೆರೆದು ಇಲ್ಲಿಂದ ನಾಗರಿಕ ವಿಮಾನಗಳ ಹಾರಾಟ ನಿಂತಿತು. ಅಲ್ಲಿಯವರೆಗೆ ರಸೂಲ್‌ಪುರದ ತಗಡಿನ ಮಾಡುಗಳ ಮೇಲೆ ಹಾದು ವಿಮಾನಗಳು ಇಳಿಯುತ್ತಿದ್ದವು. 2017ರ ನವೆಂಬರಿನಿಂದ ಬೇಗಂಪೇಟೆ ರಸ್ತೆಯ ದಟ್ಟಣೆಯ ಮೇಲೆ ಮೆಟ್ರೋ ಓಡುತ್ತಿದೆ. ಮಳೆ ಜೋರಾದರೆ ಇಲ್ಲಿನ ನಾಲೆಯ ನೀರು ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ನಗರವೊಂದು ತನ್ನ ಜನರ ತೃಪ್ತಿಗೆ ಏನಾದರೂ ಮಾಡಬಯಸಿದರೆ, ಒಗ್ಗದೆ ಉಳಿಯುವ ಈ ಸಂಗತಿಗಳಿಂದ ಶುರುಮಾಡುವುದು ಒಳ್ಳೆಯದು. ನಾಲೆಗೆ ತಡೆಗೋಡೆ, ಸರಿಯಾದ ಸಮಯಕ್ಕೆ ಬರುವ ಬಸ್ಸು, ರಾತ್ರಿ ನಿದ್ದೆ ಕೆಡದಂತೆ ಸದ್ದಿನ ಕಡಿವಾಣ: ಇವುಗಳಲ್ಲಿ ಯಾವುದಕ್ಕೂ ಮನಶ್ಶಾಸ್ತ್ರಜ್ಞರ ಒಪ್ಪಿಗೆ ಬೇಕಿಲ್ಲ.

ನಂಟು ಮತ್ತು ನಂಬಿಕೆ

ಹೆಚ್ಚು ತಕರಾರಿಲ್ಲದ ಪಂಥ ಇದು. 1938ರಿಂದ ನಡೆದಿರುವ ಹಾರ್ವರ್ಡ್‌ನ ವಯಸ್ಕರ ಬೆಳವಣಿಗೆಯ ಅಧ್ಯಯನ ಹತ್ತಿರದವರೊಂದಿಗಿನ ಒಳ್ಳೆಯ ಸಂಬಂಧಕ್ಕೆ ಮೊದಲ ಸ್ಥಾನ ಕೊಡುತ್ತದೆ. ವಿಶ್ವ ಸಂತೋಷ ವರದಿ ದೇಶಗಳ ನಡುವಿನ ವ್ಯತ್ಯಾಸವನ್ನು ಆರು ಅಂಶಗಳಿಂದ ವಿವರಿಸುತ್ತದೆ: ತಲಾ ಆದಾಯ, ಆರೋಗ್ಯದಿಂದ ಬದುಕುವ ವರ್ಷಗಳು, ಕಷ್ಟಕ್ಕಾಗುವ ಜನ, ಆಯ್ಕೆಯ ಸ್ವಾತಂತ್ರ್ಯ, ಔದಾರ್ಯ, ಭ್ರಷ್ಟಾಚಾರ ಎಷ್ಟಿದೆ ಎಂಬ ಅನಿಸಿಕೆ. 2025ರ ವರದಿಯಲ್ಲಿ 147 ದೇಶಗಳ ಪೈಕಿ ಭಾರತ 118ನೆಯದು, ನೇಪಾಳ 92, ಪಾಕಿಸ್ತಾನ 109. ಪ್ರತಿ ಮಾರ್ಚಿನಲ್ಲಿ ಈ ಪಟ್ಟಿ ಬಂದಾಗ ನಮ್ಮಲ್ಲಿ ಸಿಟ್ಟು ಏಳುತ್ತದೆ, ಕೂಡು ಕುಟುಂಬದ ದೇಶ ಇಷ್ಟು ಕೆಳಗೆ ಹೇಗೆ ಎಂದು. ಕುಟುಂಬ ದೊಡ್ಡದಿರುವುದೂ ಕಷ್ಟದ ರಾತ್ರಿಯಲ್ಲಿ ನೆಚ್ಚಲು ಒಬ್ಬರಿರುವುದೂ ಒಂದೇ ಅಲ್ಲ ಎಂಬುದು ಎಷ್ಟೋ ಸೊಸೆಯಂದಿರಿಗೆ ಗೊತ್ತಿದೆ. ಕೊಲ್ಕತ್ತದ ಕೊಳೆಗೇರಿ, ಕಾಲುದಾರಿಗಳ ನಿವಾಸಿಗಳನ್ನು ಮಾತಾಡಿಸಿ ರಾಬರ್ಟ್ ಬಿಸ್ವಾಸ್-ಡೀನರ್ ಮತ್ತು ಎಡ್ ಡೀನರ್ 2001ರಲ್ಲಿ ಬರೆದ ಲೇಖನವೂ ಈ ಕಡೆಗೇ ಬೊಟ್ಟು ಮಾಡುತ್ತದೆ: ಅವರ ತೃಪ್ತಿ ಬಡತನದಿಂದ ಊಹಿಸುವುದಕ್ಕಿಂತ ಹೆಚ್ಚಿತ್ತು, ಅದಕ್ಕೊಂದು ಕಾರಣ ಅವರ ನಂಟುಗಳು.

ಈ ಕೊನೆಯ ಮಾತೇ ನಮ್ಮನ್ನು ಕಷ್ಟದ ಜಾಗಕ್ಕೆ ತಂದು ನಿಲ್ಲಿಸುತ್ತದೆ.

ಸಿಂಗೂರಿನ ವಿಧವೆಯರು, ಪಾಲಮೂರಿನ ಹೆಣ್ಣುಮಕ್ಕಳು

1943ರ ಬಂಗಾಳದ ಕ್ಷಾಮದ ಮರುವರ್ಷ ಕೊಲ್ಕತ್ತದ ಹತ್ತಿರದ ಸಿಂಗೂರಿನಲ್ಲಿ ಒಂದು ಆರೋಗ್ಯ ಸಮೀಕ್ಷೆ ನಡೆಯಿತು. ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳಿದಾಗ ವಿಧುರರಲ್ಲಿ 48.5% ಜನ ಆರೋಗ್ಯ ಕೆಟ್ಟಿದೆ, ಅಷ್ಟಕ್ಕಷ್ಟೆ ಎಂದರು. ವಿಧವೆಯರಲ್ಲಿ ಹಾಗೆಂದವರು 2.5%. ಕ್ಷಾಮ ಹಾದುಹೋದ ಊರಿನಲ್ಲಿ, ಮನೆಯ ಅನ್ನದಲ್ಲಿ ಕೊನೆಯ ಪಾಲು ಪಡೆದವರು ತಮಗೇನೂ ಆಗಿಲ್ಲ ಎಂದರು. ಅಮರ್ತ್ಯ ಸೇನ್ ಈ ಎರಡು ಅಂಕಿಗಳನ್ನು ಜಗತ್ತಿನ ಮುಂದಿಟ್ಟು, ಜನ ತಮ್ಮ ಬದುಕಿನ ಬಗ್ಗೆ ಹೇಳಿಕೊಳ್ಳುವ ತೃಪ್ತಿಯ ಮೇಲೆ ನ್ಯಾಯವನ್ನು ಕಟ್ಟಲಾಗದು ಎಂದು ವಾದಿಸಿದರು. ಆಸೆಗಳು ಸಾಧ್ಯತೆಗಳಿಗೆ ತಕ್ಕಂತೆ ಕುಗ್ಗುತ್ತವೆ. ಹಾಗಾಗಿ ಜನ ಏನು ಮಾಡಬಲ್ಲರು, ಏನಾಗಬಲ್ಲರು ಎಂಬುದನ್ನು, ಅಂದರೆ ಅವರ ಸಾಮರ್ಥ್ಯದ ಹರವನ್ನು ಅಳೆಯಬೇಕು.

ಮಾರ್ತಾ ನುಸ್‌ಬಾಮ್ ಇದೇ ವಾದಕ್ಕೆ ಕೊಟ್ಟ ಉದಾಹರಣೆ ಬೇಗಂಪೇಟೆಗೆ ಸುಮಾರು ನೂರು ಕಿಲೋಮೀಟರ್ ದೂರದ್ದು. 2000ದ ತಮ್ಮ ಪುಸ್ತಕದಲ್ಲಿ ಅವರು ಮಹಬೂಬ್‌ನಗರದ ಹೊರವಲಯದ ಒಣಭೂಮಿಯ ಹೆಣ್ಣುಮಕ್ಕಳ ಬಗ್ಗೆ ಬರೆಯುತ್ತಾರೆ. ತೀವ್ರ ಅಪೌಷ್ಟಿಕತೆ, ಊರಿಗೆ ನೆಚ್ಚಿಕೊಳ್ಳುವಂಥ ಶುದ್ಧ ನೀರಿಲ್ಲ. ಜಾಗೃತಿ ಕಾರ್ಯಕ್ರಮವೊಂದು ಊರಿಗೆ ಬರುವವರೆಗೆ ಅವರಿಗೆ ಆ ಸ್ಥಿತಿಯ ಬಗ್ಗೆ ಸಿಟ್ಟೇ ಇರಲಿಲ್ಲ. ತಮಗೆ ಊಟ ಸಾಲದು ಎಂಬುದಾಗಲಿ, ನೀರು ಕೆಟ್ಟದ್ದು ಎಂಬುದಾಗಲಿ ಅವರ ಮನಸ್ಸಿಗೆ ಬಂದಿರಲಿಲ್ಲ. ಮಹಬೂಬ್‌ನಗರವೆಂದರೆ ಪಾಲಮೂರು. ಹೈದರಾಬಾದಿನ ಎಷ್ಟೋ ಕಟ್ಟಡಗಳನ್ನು, ದೇಶದ ಎಷ್ಟೋ ಅಣೆಕಟ್ಟು ಕಾಲುವೆಗಳನ್ನು ಕಟ್ಟಿದ ವಲಸೆ ಕೂಲಿಗಳ ನಾಡು. ಈಚೆಗೆ ಅದರಿಂದ ಬೇರ್ಪಟ್ಟ ನಾರಾಯಣಪೇಟೆ ಜಿಲ್ಲೆಯ ಗಡಿಯಲ್ಲಿ ಕನ್ನಡ ಮನೆಮಾತಿನ ಹಳ್ಳಿಗಳಿವೆ. ಕೃಷ್ಣಾ ನದಿ ದಾಟಿದರೆ ರಾಯಚೂರು. ಯಂಗ್ ಲೈವ್ಸ್‌ನ ಸಮೀಕ್ಷಕರು ಏಣಿಯ ಪ್ರಶ್ನೆ ಹಿಡಿದು ಹೋದ ಜಿಲ್ಲೆಗಳಲ್ಲಿ ಮಹಬೂಬ್‌ನಗರವೂ ಒಂದು.

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಡೀಟನ್ ಮತ್ತು ಎಸ್ತರ್ ದುಫ್ಲೊ ಕಂಡದ್ದೂ ಇಂಥದ್ದೇ. ರಕ್ತಹೀನತೆ, ಕಡಿಮೆ ತೂಕ, ದುರ್ಬಲ ಶ್ವಾಸಕೋಶ ಅಲ್ಲಿನವರಲ್ಲಿ ಸಾಮಾನ್ಯವಾಗಿದ್ದವು. ಆದರೆ ಬದುಕು ತಮ್ಮನ್ನು ದುಃಖದಲ್ಲಿಟ್ಟಿದೆ ಎಂದವರು ಸುಮಾರು 9% ಮಾತ್ರ. ದೇಹವನ್ನು ಅಳೆದ ಸಾಧನ ಒಂದು ಮಾತು ಹೇಳುತ್ತದೆ, ಮನಸ್ಸನ್ನು ಕೇಳಿದ ಪ್ರಶ್ನೆ ಇನ್ನೊಂದು ಮಾತು ಹೇಳುತ್ತದೆ. ಎರಡೂ ಮಾತು ದಾಖಲಾಗಬೇಕು. ಆದರೆ ಶಾಲೆಯ ಬಿಸಿಯೂಟ ಮುಂದುವರಿಯಬೇಕೇ ಎಂದು ತೀರ್ಮಾನಿಸುವಾಗ ಕೇಳಬೇಕಾದದ್ದು ದೇಹದ ಮಾತನ್ನು. ಯಂಗ್ ಲೈವ್ಸ್‌ನದೇ ದತ್ತಾಂಶ ಬಳಸಿ ಅಭಿಜಿತ್ ಸಿಂಗ್, ಆಲ್ಬರ್ಟ್ ಪಾರ್ಕ್ ಮತ್ತು ಸ್ಟೆಫಾನ್ ಡೆರ್ಕಾನ್ 2014ರಲ್ಲಿ ತೋರಿಸಿದಂತೆ, ಬರಗಾಲಕ್ಕೆ ಸಿಕ್ಕು ಕುಗ್ಗಿದ ಮಕ್ಕಳ ಬೆಳವಣಿಗೆಯನ್ನು ಬಿಸಿಯೂಟ ಮತ್ತೆ ಮೇಲೆತ್ತಿತು. ಆ ಮಕ್ಕಳು ಏಣಿಯ ಯಾವ ಮೆಟ್ಟಿಲು ತೋರಿಸಿದ್ದರೂ ಆ ಊಟ ಅವರಿಗೆ ಸಲ್ಲಬೇಕಾದದ್ದೇ.

‘ಅವರ ಸುಖ ಅಳೆಯಲು ನೀವು ಯಾರು?’

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು. ತಾನು ಚೆನ್ನಾಗಿದ್ದೇನೆ ಎಂದ ಹೆಣ್ಣುಮಗಳಿಗೆ, ಇಲ್ಲ, ನಿನಗೆ ಗೊತ್ತಿಲ್ಲ ಎಂದು ನಗರದಿಂದ ಬಂದವರು ಹೇಳುವುದು ಅವಮಾನವಲ್ಲವೇ? ಹೌದು, ಅವಳ ಉತ್ತರವನ್ನು ಅಳಿಸಿ ನಮ್ಮ ಉತ್ತರ ಬರೆದರೆ ಅವಮಾನವೇ. ಸೇನ್ ಅವರ ವಾದಕ್ಕೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಅವಳ ‘ಐದು’ ನಿಜವಾದ ಐದು, ಅವಳ ನಗುವೂ ನಿಜ. ಆ ಐದನ್ನು ತೋರಿಸಿ, ನೀರಿನ ಕೊಳವೆ ಇವಳಿಗೆ ತುರ್ತಿಲ್ಲ ಎಂದು ಕಡತಕ್ಕೆ ಸಹಿ ಹಾಕುವುದನ್ನು ಮಾತ್ರ ಈ ವಾದ ತಡೆಯುತ್ತದೆ.

ಎರಡನೆಯ ಆಕ್ಷೇಪ ನಮ್ಮ ಪರಂಪರೆಯದು. ಇದ್ದುದರಲ್ಲಿ ತೃಪ್ತಿ ಕಾಣುವುದನ್ನು ನಮ್ಮ ಹಿರಿಯರು ಗುಣವೆಂದೇ ಕಂಡರು. ಅದನ್ನು ಕುಗ್ಗಿದ ಆಸೆ ಎಂದು ಕರೆದರೆ ಶರಣರನ್ನೂ ದಾಸರನ್ನೂ ವಂಚಿತರ ಪಟ್ಟಿಗೆ ಸೇರಿಸಿದಂತಾಗದೇ? ಇದಕ್ಕೆ ಉತ್ತರ ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲೇ ಇದೆ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಲಕ್ಕಮ್ಮ ಮತ್ತು ಮಾರಯ್ಯ ದಂಪತಿಯ ಕಾಯಕ, ಬಿದ್ದ ಅಕ್ಕಿ ಆಯುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಪಾಲಿಗಿಂತ ಹೆಚ್ಚು, ತಂದಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳು. ಹೆಚ್ಚಿನ ಅಕ್ಕಿ ಅವಳ ಮನೆಯ ಹೊಸ್ತಿಲಿಗೇ ಬಂದಿತ್ತು. ಅದನ್ನು ಕಂಡು, ತೂಗಿ ನೋಡಿ, ಬೇಡವೆಂದಳು. ಎಷ್ಟು ಸಾಕು ಎಂಬ ಅಳತೆಯನ್ನು ಅವಳೇ ಹಾಕಿಕೊಂಡಳು. ಗಂಡನಿಗೂ ತಿದ್ದಿ ಹೇಳುವ ಮಾತಿನ ಅಧಿಕಾರ ಅವಳಿಗಿತ್ತು, ಆ ಮಾತನ್ನು ಮನ್ನಿಸುವ ಶರಣ ಸಮೂಹ ಸುತ್ತ ಇತ್ತು. ಉಪನಿಷತ್ತು ಆಸೆಯ ಪೆಟ್ಟು ತಿನ್ನದವನ ಜೊತೆಗೆ ‘ಬಲ್ಲವನು’ ಎಂಬ ಷರತ್ತಿಟ್ಟದ್ದನ್ನು ನಾನು ಓದುವುದೂ ಹೀಗೆಯೇ. ಪಾಲಮೂರಿನ ಆ ಹೆಣ್ಣುಮಕ್ಕಳ ಮುಂದೆ ಶುದ್ಧ ನೀರಿನ ಕೊಡ ಬಂದೇ ಇರಲಿಲ್ಲ. ಅವರು ಅದನ್ನು ನಿರಾಕರಿಸಿದ್ದೂ ಇಲ್ಲ. ಎರಡನ್ನೂ ತೃಪ್ತಿ ಎಂಬ ಒಂದೇ ಮಾತಿನಿಂದ ಕರೆಯುವುದು ಭಾಷೆಯ ಬಡತನ.

ಇದೇ ಕಾರಣಕ್ಕೆ ಸರ್ಕಾರಗಳ ಸಂತೋಷ ಯೋಜನೆಗಳನ್ನು ಎಚ್ಚರದಿಂದ ನೋಡಬೇಕು. ಭೂತಾನ್ 1970ರ ದಶಕದಿಂದ ಒಟ್ಟು ರಾಷ್ಟ್ರೀಯ ಸಂತೋಷದ ಮಾತಾಡಿ, 2008ರ ಸಂವಿಧಾನದಲ್ಲೂ ಅದಕ್ಕೆ ಜಾಗ ಕೊಟ್ಟಿತು. ಅದರ ಸೂಚ್ಯಂಕ ಮನಸ್ಸಿನ ನೆಮ್ಮದಿಯ ಜೊತೆಗೆ ಆರೋಗ್ಯ, ಶಿಕ್ಷಣ, ಸಮಯದ ಬಳಕೆ, ಪರಿಸರ, ಆಡಳಿತ ಸೇರಿ ಒಂಬತ್ತು ಕ್ಷೇತ್ರಗಳನ್ನು ನೋಡುತ್ತದೆ. ಅದರ ಬಲ ಇರುವುದೂ ಆ ಹರವಿನಲ್ಲೇ. ಮಧ್ಯಪ್ರದೇಶ 2016ರಲ್ಲಿ ಸಂತೋಷಕ್ಕಾಗಿಯೇ ಪ್ರತ್ಯೇಕ ಇಲಾಖೆ ತೆರೆಯಿತು. ಇಂಥ ಇಲಾಖೆಗಳು ಮನಸ್ಸನ್ನು ಹದಗೊಳಿಸುವ ತರಬೇತಿಗೆ ಒತ್ತು ಕೊಟ್ಟಾಗ, ಅಳತೆಗೋಲನ್ನು ಕುಗ್ಗಿಸಿಯೂ ಅಂಕ ಏರಿಸಬಹುದು ಎಂಬ ಅಪಾಯ ಸದಾ ಇರುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಏಣಿಯ ಚಿತ್ರವೇ ಉತ್ತರವನ್ನು ಬದಲಿಸುತ್ತದೆಯೇ ಎಂಬುದು ಮೊದಲ ಅನುಮಾನ. ಆಗಸ್ಟ್ ನಿಲ್ಸನ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಣಿ, ತುದಿ, ತಳ ಎಂಬ ಪದಗಳು ಜನರ ಮನಸ್ಸನ್ನು ಹಣ ಮತ್ತು ಅಧಿಕಾರದ ಕಡೆ ಎಳೆಯುತ್ತವೆ ಎಂದು ಕಂಡಿತು. ಮೇಲು ಕೀಳಿನ ಏಣಿಯನ್ನು ಜಾತಿಯ ರೂಪದಲ್ಲಿ ದಿನವೂ ಕಾಣುವ ನಾಡಿನಲ್ಲಿ ಈ ಎಳೆತ ಇನ್ನೆಷ್ಟು ಬಲವಾಗಿರಬಹುದು? ಸುಖಿಗಳಿಗೆ ನಂಟು ಕೂಡಿಬರುತ್ತದೆಯೋ, ನಂಟಿನಿಂದ ಸುಖ ಬರುತ್ತದೆಯೋ ಎಂಬ ಕಾರ್ಯಕಾರಣದ ಗಂಟೂ ಪೂರ್ತಿ ಬಿಚ್ಚಿಲ್ಲ. ಈಸ್ಟರ್ಲಿನ್ ಮತ್ತು ಅವರ ವಿರೋಧಿಗಳ ವಾದವೂ ಎಷ್ಟು ವರ್ಷಗಳ ಅವಧಿ ಹಿಡಿದು ನೋಡಬೇಕು ಎಂಬಲ್ಲಿ ನಿಂತಿದೆ.

ನನಗೆ ಇವೆಲ್ಲಕ್ಕಿಂತ ಕಠಿಣವಾಗಿ ಕಾಣುವ ಪ್ರಶ್ನೆ ಬೇಗಂಪೇಟೆಯ ಕಡತಗಳಲ್ಲೇ ಇದೆ. 2001-02ರಲ್ಲಿ ಹುಟ್ಟಿ ಯಂಗ್ ಲೈವ್ಸ್‌ಗೆ ಸೇರಿದ ಮಕ್ಕಳಿಗೆ ಈಗ ಇಪ್ಪತ್ತು ದಾಟಿದೆ. ಶಾಲೆ, ಕಾಲೇಜು, ಮೊಬೈಲು, ಹೈದರಾಬಾದಿಗೆ ಬಸ್ಸು: ಎಷ್ಟು ದಕ್ಕಬಹುದು ಎಂಬ ಇವರ ಊಹೆಯನ್ನು ಹಿರಿಯರು ಕಾಣದಷ್ಟು ದೂರಕ್ಕೆ ಚಾಚಲು ಇವೆಲ್ಲ ಕೈಜೋಡಿಸಿವೆ. ಆ ಪೀಳಿಗೆಯ ಪಾಲಮೂರಿನ ಒಬ್ಬ ಹೆಣ್ಣುಮಗಳು, ತನ್ನ ತಾಯಿಗಿಂತ ಚೆನ್ನಾಗಿ ಉಂಡು, ಹೆಚ್ಚು ಓದಿ, ತಡವಾಗಿ ಮದುವೆಯಾಗಿ, ಕೊನೆಗೆ ಏಣಿಯ ಮುಂದೆ ನಿಂತಾಗ ತಾಯಿ ಹೇಳಬಹುದಾಗಿದ್ದ ಮೆಟ್ಟಿಲಿಗಿಂತ ಕೆಳಗಿನದನ್ನು ಹೇಳಿದರೆ, ಅದನ್ನು ಓದಬೇಕಾದದ್ದು ಹೇಗೆ? ಅಭಿವೃದ್ಧಿ ಸೋತಿತು ಎಂದೇ? ಅವಳ ಏಣಿ ಉದ್ದವಾಗಿದೆ ಎಂದೇ? ಇವೆರಡನ್ನೂ ಬೇರ್ಪಡಿಸಿ ಹೇಳುವಂಥ ಪ್ರಶ್ನೆಯೊಂದನ್ನು ಕ್ಯಾಂಟ್ರಿಲ್ ನಂತರದ ಅರವತ್ತು ವರ್ಷಗಳಲ್ಲಿ ಯಾರೂ ಎಲ್ಲರೂ ಒಪ್ಪುವಂತೆ ಕಟ್ಟಿಕೊಟ್ಟಿಲ್ಲ.